ಗಾಳಿ ಬರುವ ಮೊದಲು ಕಣ ಮಾಡಬೇಕು

2025ರ ಜುಲೈ 15ರಂದು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅರ್ಧ ಗಂಟೆಯೊಳಗೆ ನನ್ನ ಫೋನು ತುಂಬಿಹೋಯಿತು. ಹಸಿರು ಶಾಲು, ಎತ್ತಿದ ಮುಷ್ಟಿ, ತಮಟೆ, ಸಿಹಿ ಹಂಚುವ ಕೈಗಳು. ಜನಶಕ್ತಿಗೆ ಸರ್ಕಾರ ಮಣಿಯಿತು ಎಂಬ ಧಾಟಿಯ ಬರಹಗಳು ಸಾಲುಸಾಲಾಗಿ ಬಂದವು. ನಾನೂ ನಾಲ್ಕು ಸಾಲು ಬರೆದು ಹಾಕಿದೆ. ಬಹಳ ಜನ ಮೆಚ್ಚಿದರು.

ರಾತ್ರಿ ಮಲಗುವಾಗ ಸಣ್ಣ ನಾಚಿಕೆ ಶುರುವಾಯಿತು. ಆ ಹೋರಾಟಕ್ಕೂ ನನಗೂ ಇದ್ದ ಸಂಬಂಧ ಎಷ್ಟು? ಒಂದು ಜಂಟಿ ಹೇಳಿಕೆಗೆ ಹಾಕಿದ ಸಹಿ, ಫ್ರೀಡಂ ಪಾರ್ಕಿನಲ್ಲಿ ಕೂತ ಒಂದು ಮಧ್ಯಾಹ್ನ. ಹದಿಮೂರು ಹಳ್ಳಿಗಳ ಜನ ಧರಣಿ ಕೂತಿದ್ದು 2022ರ ಏಪ್ರಿಲ್ 4ರಿಂದ. ಲೆಕ್ಕ ಹಾಕಿದರೆ ಹತ್ತಿರಹತ್ತಿರ 1,200 ದಿನ. ನಾನು ಬರೆದ ನಾಲ್ಕು ಸಾಲಿನಲ್ಲಿ ಇದ್ದದ್ದು ಕೊನೆಯ ಇಪ್ಪತ್ತು ದಿನಗಳ ಕತೆ: ಜೂನ್ 25ರ ದೇವನಹಳ್ಳಿ ಚಲೋ, ಪೊಲೀಸರು ಜನರನ್ನು ಎಳೆದೊಯ್ದದ್ದು, ಬೆಂಗಳೂರು ಎಚ್ಚೆತ್ತದ್ದು, ಮುಖ್ಯಮಂತ್ರಿಗಳ ಜೊತೆ ಮಾತುಕತೆ, ಗೆಲುವು. ಆರಂಭ, ಏರು, ಅಂತ್ಯ ಎಲ್ಲ ಇರುವ ಚಂದದ ಕತೆ. ಅದರಿಂದ ಸುಮಾರು 1,180 ದಿನಗಳು ಬಿದ್ದುಹೋಗಿದ್ದವು.

ಈ ಬರಹದ ಜಗಳ ಆ ಬಿದ್ದುಹೋದ ದಿನಗಳ ಬಗ್ಗೆ. ಚಳವಳಿಗಳ ಕತೆ ಹೇಳುವ ನಾವು, ಅಂದರೆ ಬರಹಗಾರರು, ಪತ್ರಕರ್ತರು, ಮೇಷ್ಟ್ರುಗಳು, ಪ್ರತಿ ಸಲವೂ ಶಿಖರವನ್ನು ಮಾತ್ರ ಹೇಳುತ್ತೇವೆ. ಕೇಳಿದವರು ಶಿಖರವನ್ನೇ ಚಳವಳಿ ಎಂದು ತಿಳಿಯುತ್ತಾರೆ. ಮುಂದೆ ತಮಗೆ ಕಷ್ಟ ಬಂದಾಗ ನೇರವಾಗಿ ಶಿಖರದಿಂದಲೇ ಶುರು ಮಾಡಲು ಹೊರಡುತ್ತಾರೆ. ಒಂದು ಬ್ಯಾನರು, ಒಂದು ಮೆರವಣಿಗೆ, ಒಂದು ಮನವಿ ಪತ್ರ, ಒಂದು ಫೋಟೊ. ಅಲ್ಲಿಗೆ ಮುಗಿಯಿತು. ನಮ್ಮ ಸೋಲುಗಳಲ್ಲಿ ಅರ್ಧ ಸರ್ಕಾರದ ಬಲದಿಂದ ಬಂದರೆ ಉಳಿದರ್ಧ ನಾವು ಹೇಳಿಕೊಟ್ಟ ಈ ಅರೆಕತೆಯಿಂದ ಬಂದಿವೆ ಎಂಬುದು ನನ್ನ ಆರೋಪ. ಆರೋಪಿಗಳ ಸಾಲಿನಲ್ಲಿ ನಾನೇ ಮೊದಲು ನಿಲ್ಲುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಪಕ್ಕದೂರಿನ ಶಾಲೆಯ ಜೊತೆ ಸೇರಿಸುತ್ತಾರೆ ಎಂಬ ಸುದ್ದಿ ಬಂತು. ಮಕ್ಕಳ ಸಂಖ್ಯೆ ಕಮ್ಮಿ ಎಂಬುದು ಕಾರಣ. ಪಟ್ಟಣದಲ್ಲಿದ್ದ ನನ್ನನ್ನೂ ಕರೆಸಿದರು. ಕರಪತ್ರ ನಾನೇ ಬರೆದೆ, ಕನ್ನಡ ಶಾಲೆ, ತಾಯಿಬೇರು, ನಮ್ಮ ಅಕ್ಷರದ ಋಣ ಎಂದೆಲ್ಲ. ಸುಮಾರು ಅರವತ್ತು ಜನ ಎರಡು ಟೆಂಪೋದಲ್ಲಿ ತಾಲ್ಲೂಕು ಕಚೇರಿಗೆ ಹೋದೆವು. ಘೋಷಣೆ ಕೂಗಿದೆವು. ಒಂದು ಗಂಟೆ ಕಾಯಿಸಿ ಹೊರಗೆ ಬಂದ ತಹಶೀಲ್ದಾರರು ಮನವಿ ತೆಗೆದುಕೊಂಡು, ಮೇಲಿನವರ ಗಮನಕ್ಕೆ ತರುತ್ತೇನೆ ಅಂದರು. ನಾವು ಚಪ್ಪಾಳೆ ತಟ್ಟಿದೆವು. ಮರುದಿನ ಪೇಪರಿನಲ್ಲಿ ಫೋಟೊ ಬಂತು. ಮುಂದಿನ ಜೂನ್‌ನಲ್ಲಿ ಶಾಲೆಯ ಬಾಗಿಲಿಗೆ ಬೀಗ ಬಿತ್ತು.

ಆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅಕ್ಕ ಜಾತ್ರೆಯಲ್ಲಿ ಸಿಕ್ಕಾಗ ಕೇಳಿದ್ದು ಒಂದೇ ಮಾತು. ‘ಅಣ್ಣಾ, ನಾವು ಹೋಗಿ ಅರ್ಜಿ ಕೊಟ್ವಲ್ಲ, ಆ ಸಾಹೇಬ್ರಿಗೆ ಶಾಲೆ ಉಳಿಸೋ ಅಧಿಕಾರ ಇತ್ತಾ?’

ಇರಲಿಲ್ಲ. ಶಾಲೆಯ ವಿಷಯ ಶಿಕ್ಷಣ ಇಲಾಖೆಯದು. ಇದು ಅರವತ್ತು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಮುಖ್ಯ ಅನ್ನಿಸಲಿಲ್ಲ. ತಾಲ್ಲೂಕು ಕಚೇರಿ ಮುಂದೆ ಜಾಗ ಇದೆ, ಎಲ್ಲರೂ ಅಲ್ಲೇ ಪ್ರತಿಭಟನೆ ಮಾಡುತ್ತಾರೆ, ನಾವೂ ಅಲ್ಲಿಗೇ ಹೋದೆವು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಶಾಲೆಯಲ್ಲಿ ಮಕ್ಕಳು ಕಮ್ಮಿಯಾಗಿದ್ದು ಯಾಕೆ? ನಮ್ಮ ಮಕ್ಕಳನ್ನೇ ನಾವು ಹಳದಿ ವ್ಯಾನು ಹತ್ತಿಸಿ ಕಾನ್ವೆಂಟಿಗೆ ಕಳಿಸುತ್ತಿದ್ದುದರಿಂದ. ಬ್ಯಾನರಿನ ಒಂದು ತುದಿ ಹಿಡಿದ ನನ್ನ ತಮ್ಮನ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ. ಏಳೆಂಟು ಮನೆಯವರು ಕೂತು ಮಾತಾಡಿ ಮಕ್ಕಳನ್ನು ವಾಪಸ್ಸು ಸೇರಿಸಿದ್ದರೆ ಇಲಾಖೆಯ ಕಾರಣವೇ ಬಿದ್ದುಹೋಗುತ್ತಿತ್ತು. ಆ ಏಳೆಂಟು ಮನೆಗಳಿಗೆ ಹೋಗುವ ಕೆಲಸ ಯಾರೂ ಮಾಡಲಿಲ್ಲ. ಅದು ಬೇಜಾರಿನ ಕೆಲಸ. ಅದಕ್ಕೆ ತಮಟೆ ಇರುವುದಿಲ್ಲ, ಫೋಟೊಗ್ರಾಫರ್ ಬರುವುದಿಲ್ಲ. ನಮ್ಮನೆಯವರ ಜೊತೆಗೇ ಜಗಳಕ್ಕೆ ಬೀಳಬೇಕಾಗುತ್ತದೆ. ತಾಯಿಬೇರಿನ ಬಗ್ಗೆ ಕರಪತ್ರ ಬರೆಯುವುದು ಅದಕ್ಕಿಂತ ಸುಲಭ.

ಅಕ್ಕನ ಕೆಲಸ ಹೋಯಿತು. ನಾನು ಪಟ್ಟಣಕ್ಕೆ ವಾಪಸ್ಸಾದೆ. ಯೋಜನೆಯಿಲ್ಲದ ಹೋರಾಟದ ಬೆಲೆ ಯಾರು ತೆರುತ್ತಾರೆ ಎಂಬುದಕ್ಕೆ ನನಗೆ ಬೇರೆ ಪುಸ್ತಕ ಬೇಕಿಲ್ಲ.

ನಮ್ಮ ನಾಡಿನಲ್ಲಿ ಇದನ್ನು ಬಲ್ಲವರು ಇರಲಿಲ್ಲವೇ? ಧಾರಾಳವಾಗಿ ಇದ್ದರು. ಕಾಗೋಡು ಸತ್ಯಾಗ್ರಹವನ್ನೇ ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದರು. ಈ ಕತೆಯಲ್ಲಿ ನಮಗೆ ಬಾಯಿಪಾಠ ಇರುವುದು ಎರಡು ಹೆಸರು: ಶಾಂತವೇರಿ ಗೋಪಾಲಗೌಡ, ರಾಮಮನೋಹರ ಲೋಹಿಯಾ. ಲೋಹಿಯಾ ಜೂನ್‌ನಲ್ಲಿ ಸಾಗರಕ್ಕೆ ಬಂದರು, ಬಂಧನಕ್ಕೊಳಗಾದರು, ದೇಶದ ಕಣ್ಣು ಮಲೆನಾಡಿನ ಕಡೆ ತಿರುಗಿತು. ಇದೆಲ್ಲ ನಿಜ, ದೊಡ್ಡದು ಕೂಡ. ಆದರೆ ಲೋಹಿಯಾ ಬಂದು ಇಳಿಯುವ ಹೊತ್ತಿಗೆ ಅಲ್ಲಿ ಒಂದು ಸಂಘವಿತ್ತು. ಎಚ್. ಗಣಪತಿಯಪ್ಪನವರು ಹಳ್ಳಿಹಳ್ಳಿ ತಿರುಗಿ ಗೇಣಿದಾರರನ್ನು, ಹೆಚ್ಚಾಗಿ ದೀವರನ್ನು, ರೈತ ಸಂಘದೊಳಗೆ ತಂದಿದ್ದರು. ಅದು ವರ್ಷಗಟ್ಟಲೆಯ ಕೆಲಸ. ಒಡೆಯರ ಮುಂದೆ ತಲೆಯೆತ್ತಿ ಮಾತಾಡಿ ಅಭ್ಯಾಸವಿಲ್ಲದ ಜನ ಒಂದು ಭಾಷಣ ಕೇಳಿ ನೇಗಿಲು ಹಿಡಿದು ಗದ್ದೆಗೆ ಇಳಿಯುವುದಿಲ್ಲ.

ಅಲ್ಲಿ ಜಗಳ ಶುರುವಾದದ್ದು ಯಾವುದರಿಂದ ಎಂಬುದನ್ನು ಗಮನಿಸಿ. ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. ಪ್ರತಿ ಕೊಳಗದಲ್ಲೂ ಗೇಣಿದಾರ ಒಂದಿಷ್ಟು ಭತ್ತ ಹೆಚ್ಚಿಗೆ ಕಳೆದುಕೊಳ್ಳುತ್ತಿದ್ದ. ಸಾಮಾಜಿಕ ನ್ಯಾಯ ಎಂಬ ಮಾತು ಗೊತ್ತಿಲ್ಲದವನಿಗೂ ಕೊಳಗ ಗೊತ್ತಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು, ಅಳೆದು ತೋರಿಸಬಹುದಿತ್ತು. ಮೋಸ ಇದೆಯೋ ಇಲ್ಲವೋ ಎಂದು ವಾದ ಮಾಡುವ ಅಗತ್ಯವೇ ಇರಲಿಲ್ಲ. ಮಾಲೀಕ ಒಪ್ಪಿದರೆ ಗೆಲುವು ಮರುದಿನವೇ ಮನೆಯೊಳಗೆ ಬರುತ್ತಿತ್ತು. ಒಪ್ಪದಿದ್ದರೆ ಅವನು ಸುಳ್ಳು ಕೊಳಗವನ್ನು ಊರೆದುರು ಸಮರ್ಥಿಸಿಕೊಳ್ಳಬೇಕಿತ್ತು. ಎರಡರಲ್ಲಿ ಯಾವುದಾದರೂ ಸಂಘ ಬೆಳೆಯುತ್ತಿತ್ತು. ಮಾಲೀಕರು ಒಪ್ಪಲಿಲ್ಲ, ಒಕ್ಕಲೆಬ್ಬಿಸಲು ಹೊರಟರು, ಆಗ ಜಗಳ ಕೊಳಗದಿಂದ ಭೂಮಿಗೆ ಏರಿತು. ಸತ್ಯಾಗ್ರಹಿಗಳು ತಂಡತಂಡವಾಗಿ ಗದ್ದೆಗಿಳಿದು ಉಳುಮೆ ಮಾಡಿ ಜೈಲಿಗೆ ಹೋದರು. ತಂಡತಂಡವಾಗಿ ಎಂಬ ಮಾತಿಗೆ ಒತ್ತು ಕೊಟ್ಟು ಓದಿ. ಇವತ್ತು ಯಾರು, ನಾಳೆ ಯಾರು, ಜೈಲಿಗೆ ಹೋದವನ ಮನೆಯನ್ನು ನೋಡಿಕೊಳ್ಳುವವರು ಯಾರು ಎಂಬ ಲೆಕ್ಕವಿಲ್ಲದೆ ತಂಡಗಳು ಹೊರಡುವುದಿಲ್ಲ.

ಆ ವರ್ಷವೇ ಭೂಮಿ ಸಿಕ್ಕಿತೇ? ಇಲ್ಲ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಗದ್ದೆಯ ಮಾತು ಸದನದ ಮಾತಾಯಿತು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಕಾಗೋಡಿನಿಂದ ಅಲ್ಲಿಗೆ ಇಪ್ಪತ್ಮೂರು ವರ್ಷ. ಗೋಪಾಲಗೌಡರು ಅದನ್ನು ನೋಡಲು ಉಳಿದಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಕಾಗೋಡನ್ನು ಒಂದು ಬೇಸಿಗೆಯ ವೀರಗಾಥೆಯಾಗಿ ಹೇಳಿದರೆ ಈ ಇಪ್ಪತ್ಮೂರು ವರ್ಷಗಳಿಗೆ ಅರ್ಥವೇ ಇರುವುದಿಲ್ಲ. ಒಂದು ಬೇಸಿಗೆಯಲ್ಲಿ ಗೆಲ್ಲದ ಇಂದಿನ ಹುಡುಗರು ತಾವು ಸೋತೆವೆಂದು ಮನೆಗೆ ಹೋಗುತ್ತಾರೆ.

ಶಿಖರದ ಕತೆಯ ಈ ಚಟ ನಮ್ಮೊಬ್ಬರದೇ ಅಲ್ಲ. ನಮ್ಮ ದಲಿತ ಚಳವಳಿಯ ಗೆಳೆಯರು ಹೆಮ್ಮೆಯಿಂದ ನೆನೆಯುವ ಅಮೆರಿಕದ ಕಪ್ಪು ಜನರ ಹೋರಾಟಕ್ಕೂ ಇದೇ ಗತಿಯಾಗಿದೆ. ರೋಸಾ ಪಾರ್ಕ್ಸ್ ಕತೆಯನ್ನು ನಾವು ಮಕ್ಕಳಿಗೆ ಹೇಗೆ ಹೇಳುತ್ತೇವೆ? ಕೆಲಸ ಮುಗಿಸಿ ಸುಸ್ತಾಗಿದ್ದ ಹೊಲಿಗೆಯ ಹೆಂಗಸು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಅವಳನ್ನು ಬಂಧಿಸಿದರು, ಜನ ರೊಚ್ಚಿಗೆದ್ದರು, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು, ಕಾನೂನು ಬದಲಾಯಿತು.

ನಡೆದದ್ದು ಬೇರೆ. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಎಂಬ ಆ ಊರಿನಲ್ಲಿ ಪಾರ್ಕ್ಸ್ ಕಪ್ಪು ಜನರ ಹಕ್ಕುಗಳ ಸಂಘಟನೆಯ ಸ್ಥಳೀಯ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವರು. 1955ರ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಕಾರ್ಯಕರ್ತರಿಗಾಗಿ ನಡೆದ ತರಬೇತಿಗೆ ಹೋಗಿಬಂದವರು. ಅದೇ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆನ್ ರಾಬಿನ್ಸನ್ ಎಂಬಾಕೆ ಮಹಿಳೆಯರ ಒಂದು ಸಂಘದ ಅಧ್ಯಕ್ಷೆ. ಬಸ್ಸುಗಳಲ್ಲಿ ಹೀಗೇ ನಡೆದರೆ ಬಹಿಷ್ಕಾರ ಹಾಕಬೇಕಾಗುತ್ತದೆ ಎಂದು ಆಕೆ 1954ರ ಮೇ ತಿಂಗಳಲ್ಲೇ ಮೇಯರಿಗೆ ಕಾಗದ ಬರೆದಿದ್ದರು. 1955ರ ಮಾರ್ಚ್‌ನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಸೀಟು ಬಿಡದೆ ಬಂಧನಕ್ಕೊಳಗಾದಾಗ, ಇದೇ ಸಮಯವೇ ಎಂದು ಮುಖಂಡರು ಕೂತು ಯೋಚಿಸಿ, ಈಗ ಬೇಡ ಎಂದು ಬಿಟ್ಟರು. ಆ ಹುಡುಗಿಗೆ ಅದು ಅನ್ಯಾಯವೇ. ಹೋರಾಟದ ಲೆಕ್ಕಾಚಾರ ಹೀಗೆ ಕ್ರೂರವಾಗಿಯೂ ಇರುತ್ತದೆ ಎಂಬುದನ್ನು ಮುಚ್ಚಿಡಬಾರದು.

ಡಿಸೆಂಬರ್ 1ರ ಸಂಜೆ ಪಾರ್ಕ್ಸ್ ಬಂಧನವಾದಾಗ ರಾಬಿನ್ಸನ್ ಅದೇ ರಾತ್ರಿ ಕಾಲೇಜಿಗೆ ಹೋಗಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಬೆಳಗಿನವರೆಗೆ ಸೈಕ್ಲೋಸ್ಟೈಲ್ ಮಾಡಿ ಹತ್ತಾರು ಸಾವಿರ ಕರಪತ್ರ ತೆಗೆದರು. ಎಲ್ಲಿ ಹಂಚಬೇಕು, ಯಾರು ಹಂಚಬೇಕು ಎಂಬುದು ಮೊದಲೇ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಬಸ್ಸುಗಳು ಖಾಲಿ ಓಡಿದವು. ಆ ಊರಿನ ಬಸ್ ಪ್ರಯಾಣಿಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನ. ಅವರು ಹತ್ತದಿದ್ದರೆ ಕಂಪನಿಗೆ ನಷ್ಟ. ಒಂದು ದಿನ ಹತ್ತದಿರುವುದು ಸುಲಭ. ಅವರು 381 ದಿನ ಹತ್ತಲಿಲ್ಲ. ಅಷ್ಟು ದಿನ ಮನೆಗೆಲಸದ ಹೆಂಗಸರು ಕೆಲಸಕ್ಕೆ ಹೋದದ್ದು ಹೇಗೆ? ಸುಮಾರು ಮುನ್ನೂರು ಸ್ವಂತ ಕಾರುಗಳು, ಹತ್ತುವ ಜಾಗ, ಇಳಿಯುವ ಜಾಗ, ಪೆಟ್ರೋಲಿಗೆ ಚರ್ಚುಗಳಲ್ಲಿ ವಂತಿಗೆ, ನಡೆಯಬಲ್ಲವರಿಗೆ ನಡಿಗೆ. ಮೊದಲ ಬೇಡಿಕೆಯೂ ಬೇರ್ಪಡಿಸುವಿಕೆಯನ್ನು ಪೂರ್ತಿ ತೆಗೆಯಿರಿ ಎಂಬುದಾಗಿರಲಿಲ್ಲ. ಮರ್ಯಾದೆಯಿಂದ ಮಾತಾಡಿ, ಮೊದಲು ಬಂದವರಿಗೆ ಸೀಟು, ನಮ್ಮ ಕೇರಿಗಳ ದಾರಿಯಲ್ಲಿ ನಮ್ಮವರನ್ನು ಡ್ರೈವರ್ ಮಾಡಿ. ಅದನ್ನೂ ಕೊಡದೆ ಹಟ ಹಿಡಿದದ್ದರಿಂದಲೇ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬೇರ್ಪಡಿಸುವ ಕಾನೂನೇ ಬಿತ್ತು. ಅದು ಕೂಡ ಒಂದು ಕೊಳಗದ ಕತೆ.

ಸಾಗರದ ಗದ್ದೆಗೂ ಅಲಬಾಮಾದ ಬಸ್ಸಿಗೂ ಸಮುದ್ರಗಳ ಅಂತರ. ಆದರೂ ಎರಡೂ ಕಡೆ ಹೋರಾಡಿದವರು ಮೊದಲು ಕೂತು ಕೇಳಿಕೊಂಡ ಪ್ರಶ್ನೆಗಳು ಒಂದೇ. ನಮಗೆ ಬೇಕಾದದ್ದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ? ಕೊಟ್ಟರು ಎಂಬುದು ನಮಗೆ ಹೇಗೆ ಗೊತ್ತಾಗುತ್ತದೆ? ಅವರಿಗೆ ನಮ್ಮಿಂದ ಏನು ಬೇಕು, ಅದನ್ನು ನಾವು ತಡೆಹಿಡಿಯಬಲ್ಲೆವೇ? ತಡೆಹಿಡಿದರೆ ಎಷ್ಟು ದಿನ, ಅಷ್ಟು ದಿನ ನಮ್ಮ ಒಲೆ ಹೇಗೆ ಉರಿಯುತ್ತದೆ? ನಮ್ಮೂರಿನ ಶಾಲೆಯ ವಿಷಯದಲ್ಲಿ ಈ ನಾಲ್ಕರಲ್ಲಿ ಒಂದನ್ನೂ ನಾವು ಕೇಳಿಕೊಳ್ಳಲಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಸಭ್ಯವಾಗಿ ಬೇಡಿದರೆ ಕೊಡುತ್ತಾರೆ ಎಂಬ ನಂಬಿಕೆಯನ್ನು ಅದು ಒಡೆಯುತ್ತದೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದ ಮೇಲೆ ಹುಟ್ಟಿದ ರೈತ ಸಂಘ ಇದನ್ನು ಚೆನ್ನಾಗಿ ಅರಿತಿತ್ತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂದು ಹಳ್ಳಿಗಳ ಬಾಯಲ್ಲಿ ಫಲಕ ನೆಟ್ಟರು. ಸಾಲ ವಸೂಲಿಗೆ ಬಂದು ಮನೆಯ ಸಾಮಾನು ಜಪ್ತಿ ಮಾಡುವ ಅಧಿಕಾರಿಗೆ ಊರಿನ ಅಂಜಿಕೆ ಬೇಕು. ಅಂಜಿಕೆಯನ್ನು ಊರು ಕೊಡದಿದ್ದರೆ ಅವನ ಜೀಪು ಸುಮ್ಮನೆ ತಿರುಗಬೇಕಾಗುತ್ತದೆ. ರೈತ ಸಂಘದ ಬಗ್ಗೆ ನಾವು ಬರೆದಾಗ ಪ್ರೊ. ನಂಜುಂಡಸ್ವಾಮಿಯವರ ಮೊನಚು ಮಾತುಗಳನ್ನು ನೆನೆಯುತ್ತೇವೆ. ಆ ಫಲಕ ನೆಡುವ ಮೊದಲು ಊರಿನ ಎಷ್ಟು ಜಗುಲಿಗಳಲ್ಲಿ ಎಷ್ಟು ರಾತ್ರಿ ಮಾತಾಗಿರಬೇಕು ಎಂಬುದನ್ನು ಯಾರೂ ಬರೆಯಲಿಲ್ಲ.

ಇನ್ನೊಂದು ಉದಾಹರಣೆ ಹಾನಗಲ್ ತಾಲ್ಲೂಕಿನ ಕುಸನೂರಿನದು. ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಒಂದು ಜಂಟಿ ಕಂಪನಿ ಮಾಡಿ, ಜನ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ಬೆಳೆಯಲು ಕೊಡಲು ಹೊರಟಿದ್ದವು. 1987ರ ನವೆಂಬರ್ 14ರಂದು ಜನ ಅಲ್ಲಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಅದರ ಹೆಸರು. ನೆನಪಿನಲ್ಲಿ ಉಳಿದದ್ದು ಆ ದಿನ. ಆದರೆ ಅಷ್ಟರಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿತ್ತು. ಗುಡ್ಡದ ಮೇಲೆ ಒಂದು ಕೈ, ಕೋರ್ಟಿನಲ್ಲಿ ಒಂದು ಕೈ. ಕಿತ್ತ ಜಾಗದಲ್ಲಿ ಬೇರೆ ಸಸಿ ನೆಟ್ಟದ್ದರಿಂದ ಇವರು ಹಾಳು ಮಾಡುವವರು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾದದ್ದು 1991ರಲ್ಲಿ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಅಡ್ಡ ಬರುವ ಸಂಗತಿಯನ್ನೂ ಹೇಳಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗೆ ಬಂದರು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಿಂದ ಸಾವಿರಾರು ಜನ, ಬಹುಪಾಲು ಹೆಂಗಸರು, ಹೊಸೂರು ರಸ್ತೆಗೆ ಇಳಿದರು. ಮುಖಂಡರಿಲ್ಲ, ಕರಪತ್ರವಿಲ್ಲ, ಸಂಘದ ಕರೆಯೂ ಇಲ್ಲ. 19ರ ಹೊತ್ತಿಗೆ ಕೇಂದ್ರ ಸರ್ಕಾರ ನಿಯಮ ವಾಪಸ್ಸು ಪಡೆಯಿತು. ಎರಡೇ ದಿನ. ಯೋಜನೆಯಂತೆ, ಲೆಕ್ಕಾಚಾರವಂತೆ, ಈ ಹೆಂಗಸರ ಮುಂದೆ ನಿಮ್ಮ ಪಾಠ ಯಾಕೆ ಎಂದು ನನ್ನನ್ನು ಕೇಳಬಹುದು.

ಆ ಎರಡು ದಿನಗಳಿಗೆ ನಾನು ತಲೆಬಾಗುತ್ತೇನೆ. ಆದರೆ ನನ್ನ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಆ ಸಂದರ್ಭವೇ ಉತ್ತರ ಕೊಟ್ಟಿತ್ತು. ನಿಯಮ ಮಾಡಿದ್ದು ಒಂದೇ ಇಲಾಖೆ, ತೆಗೆಯಬಲ್ಲದ್ದೂ ಅದೇ. ಬೇಡಿಕೆ ಒಂದೇ, ವಾಪಸ್ಸು ಪಡೆಯಿರಿ. ತಡೆಹಿಡಿದದ್ದು ತಮ್ಮ ದುಡಿಮೆಯನ್ನು, ಜೊತೆಗೆ ಬೆಂಗಳೂರಿನ ಒಂದು ಮುಖ್ಯ ಹೆದ್ದಾರಿಯನ್ನು. ನಾಲ್ಕನೆಯದಕ್ಕೆ ಉತ್ತರವಿರಲಿಲ್ಲ. ಎರಡನೆಯ ದಿನ ಕಲ್ಲು ಬಿತ್ತು, ಬೆಂಕಿ ಬಿತ್ತು, ಲಾಠಿ ಬಿತ್ತು, ಕೇಸುಗಳಾದವು. ಕೇಸು ಬಿದ್ದವರ ಹಿಂದೆ ನಿಲ್ಲಲು ಅಂದಿನ ಗುಂಪು ಮರುದಿನ ಇರಲಿಲ್ಲ. ಆ ದಿನದ ಬಲವನ್ನು ಕೂಲಿಯ ಕಡೆಗೆ, ಕಾರ್ಖಾನೆಯೊಳಗಿನ ಬೈಗುಳದ ಕಡೆಗೆ ತಿರುಗಿಸಲು ಆಗಲಿಲ್ಲ. ರೊಚ್ಚಿಗೆ ಬರುವ ಕೆಡುಕನ್ನು ತಡೆಯುವ ಶಕ್ತಿ ಇದೆ. ಬಂದದ್ದನ್ನು ಉಳಿಸಿಕೊಳ್ಳಲು, ಇನ್ನಷ್ಟು ಪಡೆಯಲು ಸಂಘ ಬೇಕು.

ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾವೆಲ್ಲ ಅವಕಾಶವಾದಿಗಳನ್ನು ಹಂಗಿಸಲು ಬಳಸುತ್ತೇವೆ. ರೈತನ ಬಾಯಲ್ಲಿ ಅದರ ಅರ್ಥ ಬೇರೆ. ಗಾಳಿ ನಮ್ಮ ಕೈಯಲ್ಲಿಲ್ಲ, ಅದು ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದಾಗ ತೂರಬೇಕಾದರೆ ಅಷ್ಟರೊಳಗೆ ಕಣ ಕೆತ್ತಿ, ಸಗಣಿ ಸಾರಿಸಿ, ತೆನೆ ತಂದು, ಒಕ್ಕಣೆ ಮುಗಿಸಿ, ಮೊರ ಹಿಡಿದು ನಿಂತಿರಬೇಕು. ಪಾರ್ಕ್ಸ್ ಬಂಧನವಾದದ್ದು ಗಾಳಿ, ರಾಬಿನ್ಸನ್ ಇಟ್ಟುಕೊಂಡಿದ್ದ ಹಂಚುವವರ ಪಟ್ಟಿ ಕಣ. ಲೋಹಿಯಾ ಬಂದದ್ದು ಗಾಳಿ, ಗಣಪತಿಯಪ್ಪನವರ ತಿರುಗಾಟ ಕಣ. ಗಾಳಿಯ ಬಗ್ಗೆ ಪದ್ಯ ಬರೆಯುವ ನಮಗೆ ಸಗಣಿ ಸಾರಿಸಿದ ಕೈಗಳ ನೆನಪಾಗುವುದಿಲ್ಲ. ಹೆಚ್ಚಿನ ಸಲ ಅವು ಹೆಂಗಸರ ಕೈಗಳು ಎಂಬುದೂ ಇದಕ್ಕೆ ಕಾರಣವಿರಬಹುದು.

ಹಿರಿಯ ಗೆಳೆಯರೊಬ್ಬರ ಮುಂದೆ ಇದನ್ನು ಹೇಳಿದಾಗ ಅವರು ಸಿಡುಕಿದರು. ‘ಗುರಿ, ಯೋಜನೆ, ತರಬೇತಿ ಇವೆಲ್ಲ ಎನ್‌ಜಿಒ ಭಾಷೆ ಮಾರಾಯ. ಚಳವಳಿ ಜನರ ಎದೆಯಿಂದ ಬರಬೇಕು’ ಅಂದರು. ಅವರ ಸಿಟ್ಟಿಗೆ ಕಾರಣವಿದೆ. ಹೊರಗಿನ ಹಣಕ್ಕೆ ವರದಿ ಒಪ್ಪಿಸಲಿಕ್ಕಾಗಿ ಹೋರಾಟ ಮಾಡುವವರನ್ನು ನಾನೂ ನೋಡಿದ್ದೇನೆ. ಹಣ ಕೊಟ್ಟವರು ಕೈ ತೆಗೆದ ದಿನ ಆ ಹೋರಾಟ ಮಂಗಮಾಯ. ಆದರೆ ಕೊಳಗ ಅಳೆದವರಿಗೆ, ಫಲಕ ನೆಟ್ಟವರಿಗೆ, ಪೆಟ್ರೋಲಿಗೆ ವಂತಿಗೆ ಎತ್ತಿದವರಿಗೆ ಯಾವ ಎನ್‌ಜಿಒ ಪಾಠ ಮಾಡಿತ್ತು? ಮದುವೆಗೆ ಎಷ್ಟು ಎಲೆ ಬೀಳುತ್ತದೆ ಎಂದು ಲೆಕ್ಕ ಹಾಕುವ ನಾವು, ಜೈಲಿಗೆ ಎಷ್ಟು ಜನ ಹೋಗಬೇಕಾಗಬಹುದು ಎಂದು ಲೆಕ್ಕ ಹಾಕಿದರೆ ಅದು ಪರಕೀಯ ಭಾಷೆ ಹೇಗಾಗುತ್ತದೆ? ಎದೆಯ ಮಾತನ್ನು ಹೆಚ್ಚು ಆಡುವವರು ಸಂಬಳ, ಪಿಂಚಣಿ ಇರುವವರು. ಹೋರಾಟ ಸೋತರೆ ಅವರಿಗೆ ಒಂದು ಲೇಖನ ಹೆಚ್ಚು. ಕೂಲಿಯವನಿಗೆ ಒಂದು ದಿನದ ಮೆರವಣಿಗೆ ಅಂದರೆ ಒಂದು ದಿನದ ಅಕ್ಕಿ. ಅವನ ಆ ದಿನವನ್ನು ತೆಗೆದುಕೊಂಡು, ಅಧಿಕಾರವಿಲ್ಲದ ಸಾಹೇಬನ ಮುಂದೆ ನಿಲ್ಲಿಸಿ ವಾಪಸ್ಸು ಕಳಿಸುವುದು ಮೋಸ. ಅಳತೆ ತಪ್ಪಿದ ಕೊಳಗದಷ್ಟೇ ಮೋಸ.

ಸರ್ಕಾರಕ್ಕೆ ಮಾತ್ರ ಯೋಜನೆಯ ಬಗ್ಗೆ ಈ ಮುಜುಗರವಿಲ್ಲ. ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನೊಳಗೇ ನಡೆಯಬೇಕು ಎಂಬ ವ್ಯವಸ್ಥೆ ಬಂದಿದೆ. ಅದು ಹಳೆಯ ಸೆಂಟ್ರಲ್ ಜೈಲು. ನಾವು ನಾವಾಗಿಯೇ ಜೈಲಿನ ಅಂಗಳಕ್ಕೆ ಹೋಗಿ, ಪೊಲೀಸರು ಕೊಟ್ಟ ಗಂಟೆಯೊಳಗೆ ಕೂಗಿ, ಯಾರ ಕೆಲಸಕ್ಕೂ ಅಡ್ಡಿಯಾಗದಂತೆ ಮನೆಗೆ ಬರುತ್ತೇವೆ. ಒಂದು ದಿನದ ಪ್ರತಿಭಟನೆ ಯಾರಿಗೂ ಏನೂ ಮಾಡುವುದಿಲ್ಲ ಎಂದು ನಮಗಿಂತ ಮೊದಲು ಸರ್ಕಾರಕ್ಕೆ ಅರ್ಥವಾಗಿದೆ.

ಮತ್ತೆ ದೇವನಹಳ್ಳಿಗೆ ಬರುತ್ತೇನೆ. 2025ರ ಜೂನ್‌ನಲ್ಲಿ ಸರ್ಕಾರ ಒಂದು ಆಸೆ ತೋರಿಸಿತು. ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂದಿತು. ಇಂಥ ಕಡೆಯೇ ಚಳವಳಿಗಳು ಒಡೆಯುವುದು. ಜಮೀನು ಉಳಿದ ಮೂರು ಹಳ್ಳಿಯವರು ಎದ್ದು ಮನೆಗೆ ಹೋದರೆ ಉಳಿದ ಹತ್ತು ಹಳ್ಳಿಗಳ ಕತೆ ಅಲ್ಲಿಗೇ ಮುಗಿದಂತೆ. ಹೋರಾಟ ಒಡೆಯಲಿಲ್ಲ. ಬಿಟ್ಟರೆ ಹದಿಮೂರನ್ನೂ ಬಿಡಿ ಎಂದರು. ಆ ಉತ್ತರ ಫ್ರೀಡಂ ಪಾರ್ಕಿನಲ್ಲಿ ಹುಟ್ಟಿದ್ದಲ್ಲ, ಪರಸ್ಪರ ಮುಖ ನೋಡಿಕೊಂಡು ಕೂತ ಸಾವಿರ ದಿನಗಳಲ್ಲಿ ಹುಟ್ಟಿದ್ದು. ವಿರೋಧ ಪಕ್ಷದ ನಾಯಕರಾಗಿದ್ದಾಗ ಸಿದ್ದರಾಮಯ್ಯನವರು ಈ ಹೋರಾಟದ ಪರ ಆಡಿದ್ದ ಮಾತನ್ನು ಅವರು ಮುಖ್ಯಮಂತ್ರಿಯಾದ ಮೇಲೆ ಜನ ಬಿಡದೆ ನೆನಪಿಸಿದರು. ಬೆಂಗಳೂರಿನ ಕಾರ್ಮಿಕ, ದಲಿತ, ಮಹಿಳಾ ಸಂಘಟನೆಗಳು ಜೊತೆಗೂಡಿದವು. ಜೂನ್ 25ರ ಬಂಧನದ ಗಾಳಿ ಬೀಸಿದಾಗ ಕಣ ಸಿದ್ಧವಾಗಿತ್ತು.

ಆ 1,200 ದಿನ ಹಸು ಕರೆದು ಡೇರಿಗೆ ಹಾಲು ಹಾಕಿದವರು ಯಾರು, ಧರಣಿಗೆ ಯಾರ ಪಾಳಿ ಯಾವತ್ತು, ಮಳೆಗೆ ಚಪ್ಪರದ ತಾಡಪಾಲು ಹಾರಿದಾಗ ಹೊಸದಕ್ಕೆ ಹಣ ಎಲ್ಲಿಂದ ಬಂತು, ಎಕರೆಗೆ ಇಷ್ಟು ಕೋಟಿ ಎಂದು ದಲ್ಲಾಳಿಗಳು ಮನೆಬಾಗಿಲಿಗೆ ಬಂದಾಗ ಅಣ್ಣತಮ್ಮಂದಿರ ನಡುವೆ ಏನು ಮಾತಾಯಿತು? ಇದನ್ನು ಬರೆದವರು ಕಡಿಮೆ. ಅದನ್ನು ಬರೆಯುವುದೇ ನಮ್ಮ ಪಾಲಿನ ಕೆಲಸ ಎಂದು ನನಗೀಗ ಅನ್ನಿಸುತ್ತದೆ. ಸಹಿ ಬೇಡ ಎನ್ನುತ್ತಿಲ್ಲ. ಸಹಿ ಹಾಕೋಣ, ಭಾಷಣವನ್ನೂ ಮಾಡೋಣ. ಆದರೆ ಹೋರಾಟದ ಬಗ್ಗೆ ಬರೆಯುವಾಗ ವೇದಿಕೆಯ ಮೇಲಿದ್ದವರ ಹೆಸರಿನ ಜೊತೆಗೆ ಚಂದಾಪುಸ್ತಕ ಇಟ್ಟುಕೊಂಡವರನ್ನು, ಜಾಮೀನಿಗೆ ಪಹಣಿ ಕೊಟ್ಟವರನ್ನು, ಸೋತ ಸಭೆಗಳನ್ನು, ತಪ್ಪಿದ ಲೆಕ್ಕಗಳನ್ನು ಬರೆಯೋಣ. ಮುಂದೆ ಹೋರಾಡುವವರಿಗೆ ಬೇಕಾಗುವುದು ಅದು. ಹೊಗಳಿಕೆಯಿಂದ ಅವರು ಕಲಿಯುವುದು ಏನೂ ಇಲ್ಲ.

ದೇವನಹಳ್ಳಿಯ ಕತೆಯೂ ಮುಗಿದಿಲ್ಲ. ಸ್ವಇಚ್ಛೆಯಿಂದ ಜಮೀನು ಕೊಡುವವರಿಂದ ಪಡೆಯುತ್ತೇವೆ ಎಂಬ ಬಾಗಿಲನ್ನು ಸರ್ಕಾರ ತೆರೆದೇ ಇಟ್ಟಿದೆ. ಸಾಲವಿರುವ ಮನೆಯಲ್ಲಿ ಸ್ವಇಚ್ಛೆ ಎಂಬುದಕ್ಕೆ ಎಷ್ಟು ಅರ್ಥ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿ ಮತ್ತೆ ಸಭೆಗಳು ಬೇಕು, ಮನೆಮನೆಗೆ ಹೋಗುವವರು ಬೇಕು. ಕ್ಯಾಮೆರಾಗಳು ಹೊರಟುಹೋದ ಮೇಲಿನ ಕೆಲಸ ಅದು.

ನಮ್ಮೂರಿನಲ್ಲಿ ಈಗ ಕೆರೆಯ ಒತ್ತುವರಿ ಮಾತು ಎದ್ದಿದೆ. ಹುಡುಗರು ಫೋನು ಮಾಡಿ, ಪ್ರತಿಭಟನೆ ಇಟ್ಟುಕೊಂಡಿದ್ದೇವೆ, ಒಂದು ಕರಪತ್ರ ಬರೆದುಕೊಡಿ ಅಂದರು. ಬರೆದುಕೊಡುತ್ತೇನೆ, ಅದಕ್ಕೆ ಮೊದಲು ಒಂದು ರಾತ್ರಿ ಕೂರೋಣ ಅಂದೆ. ಕೆರೆಯ ಸರ್ವೆ ನಂಬರು, ಹಳೆಯ ನಕ್ಷೆ ತರಲು ಹೇಳಿದ್ದೇನೆ. ಒತ್ತುವರಿ ತೆರವು ಮಾಡುವ ಅಧಿಕಾರ ಯಾರಿಗಿದೆ ಎಂದು ವಿಚಾರಿಸಲು ಹೇಳಿದ್ದೇನೆ. ಒತ್ತುವರಿದಾರರಲ್ಲಿ ನಮ್ಮ ನೆಂಟರು ಎಷ್ಟು ಜನ ಎಂದು ಪಟ್ಟಿ ಮಾಡಲೂ ಹೇಳಿದ್ದೇನೆ. ಆ ಪಟ್ಟಿಯಲ್ಲಿ ನನ್ನ ಚಿಕ್ಕಪ್ಪನ ಹೆಸರು ಇರುತ್ತದೆ, ನನಗೆ ಗೊತ್ತು. ಮೊದಲು ಅವರ ಮನೆಗೆ ಹೋಗಬೇಕು. ಬಿಸಿಯೂಟದ ಅಕ್ಕನನ್ನೂ ಆ ರಾತ್ರಿ ಕರೆದಿದ್ದೇನೆ, ಪ್ರಶ್ನೆ ಕೇಳಲಿಕ್ಕೆ.